ಟೈಲರಮ್ಮನ ಎಡಗೈ ಮತ್ತು ಮಾಂಸ ಕೊಯ್ಯುವ ಯಂತ್ರ

ಎಲ್ಲೋ ಒಂದು ಅಂಗಡಿ ಬಾಗಿಲು ಮುಚ್ಚಿತಂತೆ, ಸಾಮಾನು ಸಿಕ್ಕಿದ ಬೆಲೆಗೆ ಹೋಗುತ್ತಿದೆಯಂತೆ ಎಂದು ಕಿವಿಗೆ ಬಿದ್ದರೆ ಸಾಕು, ನಮ್ಮಲ್ಲಿ ಕೆಲವರಿಗೆ ಕಾಲು ನಿಲ್ಲುವುದಿಲ್ಲ. ತರುವವರೆಗೆ ತವಕ, ತಂದ ಮೇಲೆ ಇವತ್ತೇ ಬಳಸಿಬಿಡಬೇಕೆಂಬ ಆತುರ. ತಂದದ್ದು ಹಳೆಯ ಕುರ್ಚಿಯಾದರೆ ಬಿದ್ದು ಸೊಂಟ ನೋವಾದೀತು, ಅಷ್ಟೆ. ಕರೆಂಟಿನಲ್ಲಿ ತಿರುಗುವ ಅಲಗಾದರೆ?

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಬ್ಬಳು ಟೈಲರಮ್ಮ ಇದ್ದಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನದು ಅಡುಗೆಮನೆ, ನಡುವೆ ಒಂದು ಪರದೆ. ಅವಳ ಗಂಡ ಬಸ್ ಕಂಡಕ್ಟರ್. ಬೀದಿಯವರೆಲ್ಲ ಅವನನ್ನು ಕರೆಯುವುದು ಪಾದರಸ ಎಂದು. ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಕುಣಿಯುತ್ತಿರುತ್ತದೆ. ಹಲ್ಲುಜ್ಜುತ್ತಲೇ ಬೀದಿಯ ಆ ತುದಿಗೆ ಹೋಗಿ ಬಂದಿರುತ್ತಾನೆ.

ಈ ಪಾದರಸ ಒಂದು ಮಧ್ಯಾಹ್ನ ತಳ್ಳುಗಾಡಿಯಲ್ಲಿ ಒಂದು ಯಂತ್ರ ತಂದಿಳಿಸಿದ. ದೊಡ್ಡ ಅಂಗಡಿಗಳಲ್ಲಿ ಮಾಂಸ ಕೊಯ್ಯುವ ಸ್ಲೈಸರ್. ದುಂಡನೆಯ ಅಲಗು ಗರಗರ ತಿರುಗುತ್ತದೆ, ಅದರ ಪಕ್ಕದಲ್ಲಿ ಒಂದು ತಟ್ಟೆ ಹಿಂದಕ್ಕೂ ಮುಂದಕ್ಕೂ ಜಾರುತ್ತದೆ, ತಟ್ಟೆಯಲ್ಲಿಟ್ಟ ಮಾಂಸ ತೆಳ್ಳಗೆ ಹೋಳಾಗಿ ಆಚೆ ಕಡೆ ಬೀಳುತ್ತದೆ. ಇಡಲು ಬೇರೆ ಜಾಗವಿಲ್ಲದೆ ಅದನ್ನು ಹೆಂಡತಿ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಕೂರಿಸಿದ. ಮೇಜಿನ ಮೇಲಿದ್ದ ಬಟ್ಟೆಗಳೆಲ್ಲ ಮಂಚದ ಪಾಲಾದವು.

ಅವನ ಲೆಕ್ಕಾಚಾರ ಸರಳವಾಗಿತ್ತು. ನಿಲ್ದಾಣದ ಬನ್ನಿನಂಗಡಿಯವನಿಗೆ ದಿನಾ ಬೇಯಿಸಿ ತಣಿಸಿದ ಮಾಂಸದ ಹೋಳು ಬೇಕು. ತಾನು ಕೊಡುತ್ತೇನೆಂದು ಅವನಿಗೆ ಮಾತೂ ಕೊಟ್ಟಾಗಿತ್ತು, ಬರುವ ಸೋಮವಾರದಿಂದಲೇ. ಆದರೆ ಪಾದರಸನಿಗೆ ಮುಂಜಾನೆಯ ಡ್ಯೂಟಿ. ಹಾಗಾದರೆ ಕೊಯ್ಯುವವರು ಯಾರು? ಮನೆಯಲ್ಲಿ ಯಂತ್ರದ ಮುಂದೆ ಕೂತು ಅಭ್ಯಾಸ ಇದ್ದವಳು ಒಬ್ಬಳೇ. ಹೊಲಿಗೆ ಯಂತ್ರ ಓಡಿಸುವವಳಿಗೆ ಇದೇನು ಮಹಾ ಎಂದ ಅವನು.

ಅವತ್ತು ಟೈಲರಮ್ಮನ ಪೆಡಲು ದಾರಿಗೆ ಬರಲಿಲ್ಲ. ಒಂದೇ ತೋಳನ್ನು ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಕಣ್ಣು ಹೋಗಿ ಹೋಗಿ ಆ ಅಲಗಿನ ಮೇಲೇ ನಿಲ್ಲುತ್ತಿತ್ತು. ಅವಳಿಗಿರುವ ಆಸ್ತಿ ಎಂದರೆ ಹತ್ತು ಬೆರಳು. ಕೊನೆಗೆ ಗಂಡನ ಅಕ್ಕನಿಗೆ ಫೋನು ಮಾಡಿ, ಬಂದು ಒಂದು ಸಲ ನೋಡಿ ಹೋಗಿ ಅತ್ತಿಗೆ ಎಂದಷ್ಟೇ ಹೇಳಿದಳು.

ಈ ಅತ್ತಿಗೆ ದೊಡ್ಡಾಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದು ಈಚೆಗೆ ನಿವೃತ್ತಿಯಾದವರು. ಇಂಥದೇ ಯಂತ್ರದ ಮುಂದೆ ವರ್ಷಗಟ್ಟಲೆ ನಿಂತವರು. ಬಾಯಿ ಸ್ವಲ್ಪ ಜೋರು. ಅವರು ಬರುವ ಹೊತ್ತಿಗೆ ಪಾದರಸ ಕೈಯಲ್ಲಿ ಕುಂಚ ಹಿಡಿದು, ಗೇಟಿಗೆ ತಂದು ಉಳಿದಿದ್ದ ಬಣ್ಣವನ್ನು ಯಂತ್ರಕ್ಕೆ ಬಳಿಯಲು ತಯಾರಾಗಿದ್ದ.

"ಬನ್ ತಿನ್ನೋಕೆ ಬಂದೋರು ಗೇಟನ್ನೂ ತಿನ್ನಬೇಕೇನೋ?" ಎಂದರು ಅಕ್ಕ, ಚಪ್ಪಲಿ ಬಿಡುವ ಮುಂಚೆಯೇ.

ಕುಂಚ ಕೆಳಗಿಳಿಯಿತು. ಮಾಂಸ ತಾಗುವ ಕಡೆ ಬಣ್ಣ ಬಳಿದರೆ ಅದು ಚಕ್ಕೆ ಚಕ್ಕೆಯಾಗಿ ಎದ್ದು ತಿನ್ನುವವರ ಹೊಟ್ಟೆಗೇ ಹೋಗುತ್ತದೆ. ಅಕ್ಕ ಮೊದಲು ಗೋಡೆಯಿಂದ ಪ್ಲಗ್ ಕಿತ್ತು ಎಲ್ಲರಿಗೂ ಕಾಣುವ ಹಾಗೆ ಯಂತ್ರದ ಮುಂದೆ ಇಟ್ಟರು. ದಪ್ಪ ತೆಳು ಮಾಡುವ ಗುಂಡಿಯನ್ನು ಸೊನ್ನೆಗೆ ತಿರುಗಿಸಿದರು. ಹಾಗೆ ಮಾಡಿದರೆ ಅಲಗಿನ ಮುಂದಿನ ಅಂಚು ಹೋಳಿನ ದಪ್ಪ ಅಳೆಯುವ ಲೋಹದ ಪಟ್ಟಿಯ ಮರೆಗೆ ಹೋಗುತ್ತದೆ. ಆಮೇಲೆ ಕನ್ನಡಕ ಏರಿಸಿ ನೋಡುತ್ತಾ ಹೋದರು. ವೈರು ಒಣಗಿ ಬಿರಿದಿತ್ತು. ಅಲಗಿನ ಸುತ್ತ ಇರಬೇಕಾದ ಕಾವಲು ಬಳೆಯೇ ಇರಲಿಲ್ಲ. ಮಾಂಸವನ್ನು ಒತ್ತಿ ಹಿಡಿಯುವ ಹಲ್ಲಿನ ಹಿಡಿಯೂ ಇರಲಿಲ್ಲ. ಅದಿಲ್ಲದಿದ್ದರೆ ಅದರ ಕೆಲಸವನ್ನು ಬೆರಳೇ ಮಾಡಬೇಕು. ಅಲಗಿನಲ್ಲಿ ತುಕ್ಕು ತಿಂದು ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಸಂದಿ ಮುಚ್ಚುವ ರಬ್ಬರ್ ಪಟ್ಟಿ ಹರಿದು, ಅದರ ಹಿಂದೆ ಹಳೆಯ ಮಾಂಸದ ಚೂರು ಕಪ್ಪಗೆ ಅಂಟಿ ಕೂತಿತ್ತು. ಹೊಟ್ಟೆ ಕೆಡಿಸುವುದು ಮರೆಯಲ್ಲಿ ಅಡಗಿ ಕೂತ ಈ ಚೂರೇ ಎಂದು ತೋರಿಸಿದರು.

ಪಾದರಸನಿಗೆ ಇದೆಲ್ಲ ಅತಿಯಾಯಿತು. ಬಾಗಿಲಿಗೂ ಮೇಜಿಗೂ ನಡುವೆ ಓಡಾಡುತ್ತಲೇ ಹೇಳಿದ, "ಅಕ್ಕಾ, ಓಡೋ ಬಸ್ ಹತ್ತಿ ಇಳಿದೇ ನನ್ನ ಕೂದಲು ನರೆತಿದೆ. ಕೂತಲ್ಲೇ ಕೂತಿರೋ ಯಂತ್ರಕ್ಕೆ ಹೆದರ್ಲಾ?"

"ನೀನು ಹೆದರಬೇಡ. ಕೊಯ್ಯೋಳು ನೀನಲ್ವಲ್ಲ" ಎಂದರು ಅಕ್ಕ.

ಅವನು ನೀರು ಕುಡಿಯಲು ಒಳಗೆ ಹೋದ.

ರಿಪೇರಿಯವನು ಮರುದಿನ ಬಂದ. ಅಲಗಿಗೆ ಮುಚ್ಚಳ ಹಾಕಿ, ದಪ್ಪ ಕೈಗವಸು ತೊಟ್ಟು ಬಿಚ್ಚಿದ. ಗುಳಿ ಬಿದ್ದ ಅಲಗನ್ನು ಉಜ್ಜಿ ಪ್ರಯೋಜನವಿಲ್ಲ, ಗುಳಿಯೊಳಗೆ ಕೊಳೆ ನಿಲ್ಲುತ್ತದೆ, ಹೊಸದನ್ನೇ ಹಾಕಬೇಕು ಎಂದ. ವೈರು ಬದಲಿಸಿ ಮೂರು ಕಡ್ಡಿಯ ಪ್ಲಗ್ ಹಾಕಬೇಕು, ಮನೆಯ ಅರ್ಥಿಂಗ್ ಸರಿಯಿದೆಯೇ ನೋಡಬೇಕು, ಒದ್ದೆ ಕೈಯಲ್ಲಿ ಮುಟ್ಟುವ ಯಂತ್ರ ಇದು ಎಂದ. ಕಾವಲು ಬಳೆ, ಒತ್ತುವ ಹಿಡಿ, ರಬ್ಬರ್ ಪಟ್ಟಿ ತರಿಸಲು ಸಮಯ ಹಿಡಿಯುತ್ತದೆ ಎಂದ. ಹಳೆಯ ವೈರನ್ನು ಕಿತ್ತು, ಅಲಗಿನ ಜೊತೆ ತಾನೇ ಒಯ್ದ.

ಉಳಿದ ಮೈಯನ್ನು ಅತ್ತಿಗೆ, ಟೈಲರಮ್ಮ ಇಬ್ಬರೂ ಸೇರಿ ತೊಳೆದರು. ಮೋಟಾರಿನ ಕಡೆ ನೀರು ಎರಚದೆ, ಬಿಸಿ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಸಂದಿಗೆಲ್ಲ ಸಣ್ಣ ಬ್ರಷ್ಷು ಆಡಿಸಿ ಉಜ್ಜಿದರು. ಅಂಟಿನ ಹಾಗೆ ಗಟ್ಟಿಯಾಗಿದ್ದ ಗ್ರೀಸು ಸುಮ್ಮನೆ ಬಿಡಲಿಲ್ಲ. ತಟ್ಟೆ ಜಾರುವ ಸರಳಿಗೆ ಹಾಕಲು ಟೈಲರಮ್ಮ ಓಡಿಹೋಗಿ ತನ್ನ ಹೊಲಿಗೆ ಯಂತ್ರದ ಎಣ್ಣೆ ತಂದಳು. ಅದು ಬೇಡ, ಆಹಾರದ ಯಂತ್ರಕ್ಕೆಂದೇ ಬೇರೆ ಎಣ್ಣೆ ಸಿಗುತ್ತದೆ ಎಂದರು ಅತ್ತಿಗೆ. ಆಗಲೇ ಅವರಿಗೆ ಒಂದು ಯೋಚನೆ ಬಂದಿರಬೇಕು. ಟೈಲರಮ್ಮನ ಕೈಯನ್ನೇ ಸ್ವಲ್ಪ ಹೊತ್ತು ನೋಡಿದರು.

ರಟ್ಟಿನ ಡಬ್ಬಿಯಿಂದ ಅಲಗಿನಷ್ಟೇ ಅಗಲದ ಒಂದು ದುಂಡು ಚಕ್ಕೆ ಕತ್ತರಿಸು ಎಂದರು. ಟೈಲರಮ್ಮನಿಗೆ ಅದು ನೀರು ಕುಡಿದಷ್ಟು ಸುಲಭ. ಚಕ್ಕೆಯ ಅಂಚಿಗೆಲ್ಲ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣವನ್ನು ಒತ್ತಿ ಹಚ್ಚಿದರು. ಅಲಗಿದ್ದ ಜಾಗದಲ್ಲಿ ಟೇಪು ಹಾಕಿ ಅದನ್ನು ನಿಲ್ಲಿಸಿದರು. ಮಾಂಸದ ಬದಲು ತಟ್ಟೆಯಲ್ಲಿ ಒಂದು ಬಟ್ಟೆಯ ಸುರುಳಿ. ಕೈ ತೊಳೆದು ಬಂದು ನಿಂತುಕೋ, ನಿಜವಾಗಿ ಕೊಯ್ಯುವ ಹಾಗೆಯೇ ತಟ್ಟೆ ಓಡಿಸು ಎಂದರು. ತಟ್ಟೆ ಮುಂದೆ ಹೋದಾಗೆಲ್ಲ ಅತ್ತಿಗೆ ಎದುರಿನಿಂದ ಒಂದು ಬಟ್ಟೆ ಚೂರನ್ನು ಚಕ್ಕೆಯ ಹಿಂದೆ ಬಿಡುತ್ತಿದ್ದರು, ಹೋಳು ಬಿದ್ದ ಹಾಗೆ.

ಪಾದರಸ ಬಾಗಿಲಿಗೆ ಒರಗಿ ನಗುತ್ತಿದ್ದ. ದೊಡ್ಡವರ ಮನೆಯಾಟ ಎಂದು ಗೇಲಿ ಮಾಡಿದ.

ಟೈಲರಮ್ಮ ಹುಷಾರಾಗಿಯೇ ಶುರು ಮಾಡಿದಳು. ಒಂದು ಸಲ, ಮತ್ತೊಂದು ಸಲ. ಲಯ ಹಿಡಿಯಿತು. ಸ್ವಲ್ಪ ಹೊತ್ತಿಗೆಲ್ಲ ಅತ್ತಿಗೆ ನಿಲ್ಲಿಸು ಎಂದರು. ಎಡಗೈ ತೋರಿಸು ಎಂದರು.

ನಾಲ್ಕು ಬೆರಳ ತುದಿಯೂ ನೀಲಿ.

ಅವಳಿಗೆ ನಂಬಿಕೆಯಾಗಲಿಲ್ಲ. ಕೈ ಅತ್ತ ಹೋದದ್ದೇ ಅವಳಿಗೆ ಗೊತ್ತಿರಲಿಲ್ಲ. ಬಣ್ಣ ಮೊದಲೇ ಕೈಗೆ ಹತ್ತಿರಬೇಕು ಎಂದ ಪಾದರಸ. ಮತ್ತೆ ಕೈ ತೊಳೆಸಿದರು. ಈ ಸಲ ಅವಳೇ ಬಾಯಿಬಿಟ್ಟು ಹೇಳಿಕೊಳ್ಳುತ್ತಾ ನಿಂತಳು, ಎಡಗೈ ಹಿಂದೆ ಹೋಗಬಾರದು, ಹೋಗಬಾರದು ಎಂದು. ಮತ್ತೆ ನೀಲಿ.

ಯಾಕೆ ಎಂದು ಅತ್ತಿಗೆಯೇ ಬಿಡಿಸಿ ಹೇಳಿದರು. ಹೊಲಿಯುವವರ ಬಲಗೈ ಬಟ್ಟೆಯನ್ನು ಮುಂದಿನಿಂದ ನಡೆಸುತ್ತದೆ, ಎಡಗೈ ಸೂಜಿಯ ಹಿಂದೆ ಹೋಗಿ ಹೊಲಿದದ್ದನ್ನು ಬರಮಾಡಿಕೊಳ್ಳುತ್ತದೆ. ಅದಕ್ಕೆ ಯಾರೂ ಹೇಳಬೇಕಾಗಿಲ್ಲ, ಅದೇ ಹೋಗುತ್ತದೆ. ಸಾಲದ್ದಕ್ಕೆ ಹೊಲಿಗೆ ಯಂತ್ರ ಪೆಡಲಿನಿಂದ ಕಾಲೆತ್ತಿದರೆ ನಿಂತುಬಿಡುತ್ತದೆ. ಇದು ಹಾಗಲ್ಲ. ಗುಂಡಿ ಒತ್ತಿ ಆರಿಸಿದ ಮೇಲೂ ಅಲಗು ಸುತ್ತುತ್ತಲೇ ಇರುತ್ತದೆ. ಸದ್ದು ನಿಂತಿರುತ್ತದೆ, ಅಂಚು ನಿಂತಿರುವುದಿಲ್ಲ.

"ಕೊಡಿ ಇಲ್ಲಿ" ಎಂದು ಪಾದರಸ ಹೆಂಡತಿಯನ್ನು ಪಕ್ಕಕ್ಕೆ ಸರಿಸಿ ತಾನೇ ನಿಂತ. ಅವನ ತಟ್ಟೆ ಎರಡರಷ್ಟು ವೇಗ. ಬಟ್ಟೆ ಚೂರು ಒಂದು ಅಂಟಿಕೊಂಡಿತು, ಅವನು ಅದನ್ನು ಕೊಡವಿ ಬಿಟ್ಟ. ಆಟ ಮುಗಿಸಿ ಎಡಗೈಯನ್ನು ಹೆಮ್ಮೆಯಿಂದ ಮುಂದೆ ಚಾಚಿದ. ಒಂದು ಚುಕ್ಕೆಯೂ ಇರಲಿಲ್ಲ.

"ಬಲಗೈ ತೋರಿಸ್ರೀ" ಎಂದಳು ಟೈಲರಮ್ಮ.

ಹೆಬ್ಬೆರಳು ಬುಡದವರೆಗೆ ನೀಲಿಯಾಗಿತ್ತು. ಟಿಕೆಟ್ ಪುಸ್ತಕದಿಂದ ಹಾಳೆ ಚಿಮ್ಮಿಸಿ ಚಿಮ್ಮಿಸಿ ಅಭ್ಯಾಸವಾದ ಹೆಬ್ಬೆರಳು ಅದು. ಅಕ್ಕನಿಗೆ ನಗು ತಡೆಯಲಾಗಲಿಲ್ಲ, ಟಿಕೆಟ್ ಹರಿದು ಕೊಟ್ಟೆಯಲ್ಲೋ, ಇನ್ನು ಚಿಲ್ಲರೆ ಕೊಡು ಎಂದರು. ಟೈಲರಮ್ಮ ಮಾತ್ರ ನಗಲಿಲ್ಲ. ತನ್ನ ಎಡಗೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಲೇ ಇದ್ದಳು, ನೀಲಿ ಹೋದ ಮೇಲೂ. ಪಾದರಸ ಅದನ್ನು ನೋಡಿದ. ಎಷ್ಟೋ ಹೊತ್ತಿನ ಮೇಲೆ ಒಂದು ಕಡೆ ಕೂತ. ಮೊಣಕಾಲು ಕುಣಿಯಲಿಲ್ಲ.

ಅತ್ತಿಗೆ ಸಮಾಧಾನ ಹೇಳಿದರು, ದಿನಾ ಈ ಸೀಮೆಸುಣ್ಣದ ಆಟ ಆಡಿದರೆ ಎಡಗೈಗೂ ಬುದ್ಧಿ ಬರುತ್ತದೆ ಎಂದು.

"ಅದಕ್ಕೆ ಬುದ್ಧಿ ಬರೋದು ಬೇಡ ಅತ್ತಿಗೆ" ಎಂದಳು ಟೈಲರಮ್ಮ. "ಹಿಂದೆ ಹೋಗೋದನ್ನ ಈ ಕೈ ಮರೆತರೆ ನನ್ನ ಹೊಲಿಗೆ ಸೊಟ್ಟ ಆಗುತ್ತೆ. ಮರೀದೇ ಇದ್ರೆ ಕೈಯೇ ಹೋಗುತ್ತೆ. ನಾನು ಈ ಯಂತ್ರ ಮುಟ್ಟಲ್ಲ."

ಪಾದರಸ ಎದ್ದು ಅಂಗಿ ಹಾಕಿಕೊಂಡು ಬನ್ನಿನಂಗಡಿಗೆ ಹೋದ. ಸೋಮವಾರ ಆಗುವುದಿಲ್ಲ, ದಿನಾ ಕೊಡಲೂ ಆಗುವುದಿಲ್ಲ ಎಂದು ಹೇಳಿದ. ಅಂಗಡಿಯವನು ನಾಲ್ಕು ಮಾತು ಅಂದ. ಇವನು ಎಲ್ಲವನ್ನೂ ಕೇಳಿಸಿಕೊಂಡು ಬಂದ.

ಬಿಡಿಭಾಗಗಳು ಬಂದವು. ಹೊಸ ಅಲಗು, ಬಳೆ, ಹಿಡಿ, ಎಲ್ಲವೂ ಕೂತವು. ಯಂತ್ರ ಹಿಂದಿನ ಕೋಣೆಗೆ ಹೋಯಿತು, ಅಲುಗಾಡದ ಕಲ್ಲಿನ ಕಟ್ಟೆಯ ಮೇಲೆ. ಅಷ್ಟರಲ್ಲಿ ಪಾದರಸ ಬಿಡುವಾದಾಗೆಲ್ಲ ರಟ್ಟಿನ ಚಕ್ಕೆಯ ಮುಂದೆ ನಿಂತು ಹೆಬ್ಬೆರಳು ಶುದ್ಧವಾಗುವವರೆಗೆ ಅಭ್ಯಾಸ ಮಾಡಿದ್ದ. ಈಗ ಅವನೇ ಕೊಯ್ಯುತ್ತಾನೆ, ರಜೆಯ ದಿನ ಮಾತ್ರ. ಬಲಗೈ ತಟ್ಟೆಯ ಹಿಡಿಯ ಮೇಲೆ, ಎಡಗೈ ಬೆನ್ನ ಹಿಂದೆ. ಹೋಳು ತಾನಾಗಿ ಕೆಳಗಿಟ್ಟ ತಾಟಿಗೆ ಬೀಳುತ್ತದೆ. ಆಗ ಪರದೆಯಾಚೆಯಿಂದ ಯಾರೂ ಅವನನ್ನು ಮಾತಾಡಿಸುವ ಹಾಗಿಲ್ಲ. ಬನ್ನಿನಂಗಡಿಯವನು ಇನ್ನೂ ಗೊಣಗುತ್ತಾನೆ, ತೆಗೆದುಕೊಳ್ಳುವುದನ್ನು ಬಿಟ್ಟಿಲ್ಲ. ಟೈಲರಮ್ಮ ಮುಂದಿನ ಕೋಣೆಯಲ್ಲಿ ಹೊಲಿಯುತ್ತಾಳೆ. ಒಳಗಿನಿಂದ ಅಲಗಿನ ಸದ್ದು ಕೇಳಿದಾಗ ಅವಳ ಕಾಲು ಈಗಲೂ ಒಂದು ಕ್ಷಣ ಪೆಡಲಿನ ಮೇಲೆ ನಿಲ್ಲುತ್ತದಂತೆ.

ಅಕ್ಕಂದಿರೇ, ಅಣ್ಣಂದಿರೇ, ಹಳೆಯ ಯಂತ್ರ ತರಬೇಡಿ ಎಂದು ಹೇಳುತ್ತಿಲ್ಲ. ತನ್ನಿ. ಆದರೆ ಕಾವಲು ಬಳೆ, ಒತ್ತುವ ಹಿಡಿ ಎರಡೂ ಇಲ್ಲದೆ ಒಂದು ಹೋಳೂ ಕೊಯ್ಯಬೇಡಿ. ಮೂಳೆ ತೆಗೆದ, ಬೇಯಿಸಿ ಚೆನ್ನಾಗಿ ತಣಿಸಿದ ಮಾಂಸವನ್ನೇ ಇಡಿ. ಕಲ್ಲಿನಂತೆ ಹೆಪ್ಪುಗಟ್ಟಿದ್ದು ಬೇಡ. ಹಸಿ ಮಾಂಸ ಕೊಯ್ದದ್ದರಲ್ಲಿ ತೊಳೆಯದೆ ಬೆಂದದ್ದನ್ನು ಇಡಬೇಡಿ. ತೊಳೆಯುವ ಮುಂಚೆ ಪ್ಲಗ್ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ, ಗುಂಡಿ ಸೊನ್ನೆಗೆ ತಿರುಗಿಸಿ, ಅಲಗು ಪೂರ್ತಿ ನಿಲ್ಲುವವರೆಗೆ ಕಾಯಿರಿ. ಕೊಯ್ತಕ್ಕೆ ಹರಿಯದ ಕೈಗವಸು ಹಾಕಿ, ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಅಂಚಿನ ಉದ್ದಕ್ಕೆ ಎಂದೂ ಬೇಡ. ಸೋಪಿನ ನೀರಾದ ಮೇಲೆ ಪಾತ್ರೆಗೆ ಬಳಸುವ ಕ್ರಿಮಿನಾಶಕದ ನೀರು, ಆಮೇಲೆ ಗಾಳಿಗೆ ಒಣಗಲಿ. ಮಕ್ಕಳು ಆ ಕೋಣೆಗೆ ಬರದಿರಲಿ.

ಇವೆಲ್ಲಕ್ಕಿಂತ ಮೊದಲು, ಅಲಗು ಹಾಕಿಸುವ ಮುಂಚೆಯೇ, ಒಂದು ರಟ್ಟಿನ ಚಕ್ಕೆಗೆ ಬಣ್ಣದ ಸೀಮೆಸುಣ್ಣ ಹಚ್ಚಿ ಮನೆಯವರನ್ನೆಲ್ಲ ಒಬ್ಬೊಬ್ಬರಾಗಿ ನಿಲ್ಲಿಸಿ. ಯಾರ ಕೈಗೆ ಬಣ್ಣ ಹತ್ತಿತೋ ಅವರು ಬೇಡ ಅಂದರೆ ಒತ್ತಾಯ ಮಾಡಬೇಡಿ. ಯಾರಾದರೂ ನಿಮ್ಮನ್ನೇ ಒತ್ತಾಯ ಮಾಡಿದರೆ, ಆಗುವುದಿಲ್ಲ ಎಂದುಬಿಡಿ. ಅವಸರ ಯಾರದ್ದೇ ಇರಲಿ, ಬೆರಳು ನಿಮ್ಮದು.