ಸ್ಕೋರಿನ ಹಲಗೆಯ ಕಡೆಗೆ

ಕ್ಲೆಮ್ ನೂನನ್ ನಡೆದರೆ ಎಡಭುಜ ಮುಂದೆ ಬರುತ್ತಿತ್ತು, ಮೈ ಆಮೇಲೆ. ಹತ್ತೊಂಬತ್ತರ ವಯಸ್ಸಿನಲ್ಲಿ ವಾಂಗರೀ ಊರಿನ ಫುಟ್‌ಬಾಲ್ ಕ್ಲಬ್ಬಿಗೆ ಅವನು ಮೊದಲ ಸಲ ಬಂದದ್ದೂ ಹಾಗೆಯೇ: ಬಾಗಿಲನ್ನು ಭುಜದಿಂದ ತಳ್ಳಿ, ಕುರಿಯುಣ್ಣೆ ಕತ್ತರಿಸುವ ಕೆಲಸದ ಜಿಡ್ಡುವಾಸನೆ ಹೊತ್ತು, ಬೂಟುಗಳನ್ನು ಕೊರಳಿಗೆ ನೇತುಹಾಕಿಕೊಂಡು, ಬರಿಗಾಲಲ್ಲಿ. ಆಟಗಾರರ ಮೈಗೆ ಎಣ್ಣೆ ತಿಕ್ಕಿ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದ ವರ್ನ್ ಟಾಂಕಿನ್, "ಎಲ್ಲಿ ನೋವಯ್ಯಾ?" ಎಂದು ಕೇಳಿದ.

"ಇನ್ನೂ ಆಡೇ ಇಲ್ವಲ್ಲ ಮಾರಾಯ" ಎಂದ ಕ್ಲೆಮ್.

ಮುಂದೆ ಹದಿನಾಲ್ಕು ವರ್ಷ ಅವನು ಹದಿನೇಳನೆಯ ನಂಬರಿನ ಅಂಗಿ ತೊಟ್ಟು ಗೋಲು ಕಾದ. ಕೈಯಲ್ಲೂ ಚೆಂಡು ಹಿಡಿಯುವ, ಪಾಯಿಂಟು ಎಣಿಸುವ ಆಟವದು. ಆಕಾಶಕ್ಕೆ ಚಿಮ್ಮಿದ ಚೆಂಡನ್ನೇ ನೋಡುತ್ತ, ನುಗ್ಗಿ ಬರುವವರತ್ತ ಕಣ್ಣು ಹಾಯಿಸದೆ ಹಿಂದಕ್ಕೆ ಓಡುವುದು ಅವನ ಹಟ. ಊರಿಗೆ ಅದೇ ಹೆಮ್ಮೆ. ತಲೆಗೆ ಪೆಟ್ಟು ಬಿದ್ದವನಿಗೆ ವರ್ನ್ ಮೂರು ಪ್ರಶ್ನೆ ಕೇಳುವುದು ಪದ್ಧತಿ. ಇವತ್ತು ಯಾವ ವಾರ, ಎದುರಾಳಿ ಯಾರು, ಸ್ಕೋರು ಎಷ್ಟು? ಆಟವಿರುತ್ತಿದ್ದದ್ದು ಶನಿವಾರವೇ, ಎದುರಾಳಿ ಯಾರೆಂದು ಅವರ ಅಂಗಿಯ ಬಣ್ಣವೇ ಹೇಳುತ್ತಿತ್ತು. ಫೈನಲಿನ ದಿನ ತಲೆಗೆ ಪೆಟ್ಟು ತಿಂದ ಕ್ಲೆಮ್ ಮೂರನೆಯದಕ್ಕೆ ತಡವರಿಸಿದ. ವರ್ನ್ ಅವನ ಗದ್ದ ಹಿಡಿದು ಮುಖವನ್ನು ಮೆಲ್ಲನೆ ಸ್ಕೋರಿನ ಹಲಗೆಯ ಕಡೆ ತಿರುಗಿಸಿದ. ಕ್ಲೆಮ್ ಓದಿ ಹೇಳಿದ, ಮೈದಾನಕ್ಕೆ ಮರಳಿದ. ವಾಂಗರೀ ನಾಲ್ಕು ಪಾಯಿಂಟಿನಿಂದ ಗೆದ್ದಿತು.

ಐವತ್ತು ದಾಟುವಷ್ಟರಲ್ಲಿ ಕ್ಲೆಮ್ ಹೆಂಡತಿಯ ಹೆಸರಿಗೂ ತಡಕಾಡುತ್ತಿದ್ದ. ಅದಕ್ಕೆ ಬಿಯರೇ ಕಾರಣವೆಂದು ವರ್ನ್ ತನಗೆ ತಾನೇ ಹೇಳಿಕೊಂಡು ಬಂದಿದ್ದ.

ಗೆಲುವಿನ ಇಪ್ಪತ್ತೈದನೆಯ ವರ್ಷದ ಊಟದಂದು ಕ್ಲಬ್ಬಿನಲ್ಲಿ ಆ ಆಟದ ಚಿತ್ರ ಹಾಕಿದರು. "ಬೇಲಿಗೂಟಕ್ಕೂ ನಿನಗಿಂತ ಬುದ್ಧಿ ಇತ್ತು ಕಣೋ ಕ್ಲೆಮ್" ಎಂದು ಹಳಬರು ಕಿಚಾಯಿಸುತ್ತಿದ್ದರು. ತೆರೆಯ ಮೇಲೆ ಒಂದು ಕೈ ಒಂದು ಗದ್ದವನ್ನು ಹಿಡಿದು ತಿರುಗಿಸಿತು. ಕ್ಲೆಮ್ ಮುಂದಕ್ಕೆ ಬಾಗಿದ.

"ವರ್ನ್, ಆ ಹದಿನೇಳನೇ ನಂಬರಿನವನು ಯಾರೋ? ಕಣ್ಣಲ್ಲಿ ಜೀವನೇ ಇಲ್ಲ. ಅವನನ್ನ ಯಾಕೆ ಒಳಗೆ ಬಿಟ್ರು?"

ತಮಾಷೆಯೆಂದು ಎಲ್ಲರೂ ನಕ್ಕರು. ಕ್ಲೆಮ್ ಉತ್ತರಕ್ಕೆ ಕಾಯುತ್ತಲೇ ಇದ್ದ. ನಗು ಮೇಜಿನಿಂದ ಮೇಜಿಗೆ ಆರುತ್ತ ಹೋಯಿತು.

"ನಾನೇ ಬಿಟ್ಟೆ" ಎಂದ ವರ್ನ್.

"ತಪ್ಪು ಮಾಡಿದೆ ಮಾರಾಯ" ಎಂದ ಕ್ಲೆಮ್, ಬೇರೆಯವರ ವಿಷಯವೆಂಬಂತೆ. "ಹೋಗ್ಲಿ, ಗೆದ್ರಾ ಅವರು?"

ಕ್ಲೆಮ್‌ನಂಥವರು ತಾವಾಗಿ ನಿಲ್ಲುವವರಲ್ಲ. ನಿಲ್ಲು ಎಂಬ ಮಾತನ್ನು ಅವರಿಗೆ ಮೈದಾನದ ದಂಡೆಯಲ್ಲಿರುವ ಯಾರಾದರೂ ಹೇಳಬೇಕು. ದಂಡೆಯಲ್ಲಿರುವವರೋ ಸ್ಕೋರು ನೋಡುತ್ತಿರುತ್ತಾರೆ.

ಈಗ ಕ್ಲೆಮ್ ಪ್ರತಿ ಶುಕ್ರವಾರ ಮೈದಾನದ ಸುತ್ತ ಬಿಳಿಗೆರೆ ಎಳೆಯುತ್ತಾನೆ. ಒಂದು ಸುತ್ತು ಮುಗಿದಾಗ "ಸಾಕು, ನಿಲ್ಸು" ಎನ್ನಲು ವರ್ನ್ ಗೋಲುಗಂಬದ ಬಳಿ ನಿಂತಿರುತ್ತಾನೆ.