ನಾಲ್ಕೂ ಒಂದೇ ದಪ್ಪ

ಹಿರಿಯೂರಿನಿಂದ ಹರಿಯಬ್ಬೆಗೆ ಏನು ಮಹಾ ದೂರ ಅನ್ನುವವರಿದ್ದಾರೆ. ಡಬಲ್ ಬಾಸ್ ಅನ್ನುವ ಆಳೆತ್ತರದ ತಂತಿವಾದ್ಯವನ್ನು ಲಗೇಜ್ ಆಟೋದಲ್ಲಿ ಅಡ್ಡ ಮಲಗಿಸಿ, ಅದರ ಕತ್ತು ಅಲುಗದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದವನನ್ನು ಕೇಳಿ, ದೂರ ಅಂದರೆ ಏನು ಅಂತ ಹೇಳುತ್ತಾನೆ. ಅರವತ್ತೆರಡು ವರ್ಷದ ಪಾಲಯ್ಯ ಅಕ್ಕನ ಮನೆಯ ಮುಂದೆ ಇಳಿಯುವ ಹೊತ್ತಿಗೆ ಅವನ ಸೊಂಟ ಹಿಡಿದುಹೋಗಿತ್ತು.

"ಏನ್ ಯಜಮಾನ್ರೇ, ಪಿಟೀಲಿಗೆ ಬಾವು ಬಂದೈತಾ?" ಅಂದ ಆಟೋದವನು.

ಈ ಮಾತನ್ನು ನಲವತ್ತು ವರ್ಷದಿಂದ ಒಬ್ಬರಲ್ಲ ಒಬ್ಬರ ಬಾಯಲ್ಲಿ ಕೇಳಿ ಕೇಳಿ ಪಾಲಯ್ಯನ ಕಿವಿ ಜಡ್ಡುಗಟ್ಟಿತ್ತು. ಬೈಯಬೇಕು ಅಂತಲೂ ಅನ್ನಿಸಲಿಲ್ಲ.

ಕುರಿ ಕಾಯುವ ಮನೆಯ ಹುಡುಗ ಪೊಲೀಸ್ ಬ್ಯಾಂಡಿಗೆ ಸೇರಿದ್ದೇ ಒಂದು ವಿಚಿತ್ರ. ಅಲ್ಲಿ ಎಲ್ಲರೂ ಫಳಫಳ ಹೊಳೆಯುವ ತುತ್ತೂರಿಗೆ ಕೈ ಚಾಚಿದರೆ, ಎತ್ತರದ ಆಳು ಅನ್ನುವ ಒಂದೇ ಕಾರಣಕ್ಕೆ ಇವನ ಹೆಗಲಿಗೆ ಡಬಲ್ ಬಾಸ್ ಬಿತ್ತು. ಬಿದ್ದದ್ದು ಇಳಿಯಲೇ ಇಲ್ಲ. ನಿವೃತ್ತನಾದ ಮೇಲೆ ಹಳೆಯ ಬ್ಯಾಂಡ್ ಮೇಷ್ಟರೊಬ್ಬರ ಮನೆಯಲ್ಲಿ ಧೂಳು ತಿನ್ನುತ್ತಿದ್ದ ಈ ವಾದ್ಯವನ್ನು ಮನೆಗೆ ತಂದ. ಚಿತ್ರದುರ್ಗದ ಸುದೀಪ ಅನ್ನುವ ಕೀಬೋರ್ಡಿನವನ ಜೊತೆ ಸೇರಿ ಮದುವೆ ಆರತಕ್ಷತೆಗಳಲ್ಲಿ ನುಡಿಸತೊಡಗಿದ. ಅಲ್ಲ ಸ್ವಾಮಿ, ಮದುವೆ ಮನೆಯಲ್ಲಿ ಊಟದ ಎಲೆ ಬಿಟ್ಟು ಬಾಸ್ ಕೇಳುವವರು ಯಾರು? ಯಾರೂ ಇಲ್ಲ. ಆದರೂ ಪಾಲಯ್ಯನಿಗೆ ಅದೇ ಜೀವ. ಆ ನಾಲ್ಕು ತಂತಿ ಬಿಟ್ಟರೆ ತಾನು ಪಿಂಚಣಿ ಎಣಿಸುವ ಮುದುಕ, ಅಷ್ಟೇ, ಅಂತ ಅವನಿಗೆ ಗೊತ್ತಿತ್ತು.

ಹೋದ ತಿಂಗಳು ಹೊಳಲ್ಕೆರೆಯಲ್ಲಿ ಎಡಗೈ ಕೈಕೊಟ್ಟಿತು. ಹಾಡಿನ ನಡುವೆ ಉಂಗುರದ ಬೆರಳು ತಂತಿ ಒತ್ತಲೇ ಇಲ್ಲ. ಸುದೀಪ ಅದನ್ನು ನೋಡಿದವನೇ ಕೀಬೋರ್ಡಿನ ಎಡಭಾಗದಲ್ಲಿ ಬಾಸ್ ನುಡಿಸಿ ಹಾಡು ಮುಗಿಸಿದ. ಸಭೆಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಕೈ ನಿಂತದ್ದಕ್ಕಿಂತ ಇದೇ ಪಾಲಯ್ಯನನ್ನು ಹೆಚ್ಚು ಚುಚ್ಚಿತು.

"ಬೇಜಾರ್ ಮಾಡ್ಕಬ್ಯಾಡ್ರಿ ಅಣ್ಣ. ಹೊಸದುರ್ಗದ್ದೊಂದು ನೋಡಾಣ," ಅಂದಿದ್ದ ಸುದೀಪ. "ಅಲ್ಲೂ ಹಿಂಗೇ ಆದ್ರೆ ಬಾಸ್ ನಾನೇ ನುಡಿಸ್ಕಂತೀನಿ."

ಹೊಸದುರ್ಗದ ಆರತಕ್ಷತೆ ಬರುವ ಭಾನುವಾರ. ಇವತ್ತು ಗುರುವಾರ.

ಎರಡು ವರ್ಷದಿಂದ ಆ ಬೆರಳು ಆಗಾಗ ತಡವರಿಸುತ್ತಿದ್ದರೂ, ತಪ್ಪು ಕೈಯದಲ್ಲ, ತಂತಿಯದು ಅಂತ ಪಾಲಯ್ಯ ನಂಬಿದ್ದ. ವಾದ್ಯದ ಮೇಲಿದ್ದದ್ದು ಉಕ್ಕಿನ ತಂತಿ. ದನಿ ದೊಡ್ಡದು, ಶ್ರುತಿ ಬಿಟ್ಟು ಹೋಗುವುದಿಲ್ಲ, ಆದರೆ ಬೆರಳನ್ನು ಕಡಿಯುತ್ತದೆ. ಒತ್ತಲು ಎತ್ತಿನಂಥ ಬಲ ಬೇಕು. ಮೈಸೂರಿನ ಹಳೆಯ ಜೊತೆಗಾರನೊಬ್ಬ ತಾನು ಬಿಚ್ಚಿಟ್ಟಿದ್ದ ನೈಲಾನ್ ತಂತಿಗಳನ್ನು ಕಳಿಸಿದ್ದ. ಅವು ಮೆತ್ತಗಿದ್ದವು, ನಿಜ. ದನಿ ಮಾತ್ರ ನೆಗಡಿ ಹಿಡಿದ ಹಾಗೆ, ಬಿಲ್ಲು ಉಜ್ಜಿದರೆ ಜಾರುತ್ತಿತ್ತು. ಎರಡು ದಿನ ನುಡಿಸಿ ಬಿಚ್ಚಿ ಎಸೆದು, ಮತ್ತೆ ಉಕ್ಕಿನದನ್ನೇ ಕಟ್ಟಿದ. ಉಳಿದದ್ದು ಕುರಿಯ ಕರುಳಿನ ತಂತಿ. ಬ್ಯಾಂಡಿಗೆ ಸೇರಿದ ಹೊಸದರಲ್ಲಿ ಅಂಥದ್ದರ ಮೇಲೆ ಕಲಿತಿದ್ದ. ಅದರಷ್ಟು ಮೃದು, ಅದರಷ್ಟು ಆಳ ಇನ್ನೊಂದಿಲ್ಲ. ಹೊರದೇಶದಿಂದ ತರಿಸಿದರೆ ಎರಡು ತಿಂಗಳು ಅಂದರು.

ಆಗ ಅವನಿಗೆ ಅಕ್ಕ ನೆನಪಾದಳು. ಮುದ್ದಕ್ಕ ಇಂದಿಗೂ ಕಂಬಳಿ ನೇಯುವವರಿಗೆ ಉಣ್ಣೆ ಹಿಂಜುವ ಬಿಲ್ಲಿನ ಹುರಿ ಮಾಡಿಕೊಡುತ್ತಿದ್ದಳು. ಕುರಿಯ ಸಣ್ಣ ಕರುಳನ್ನು ಕೆರೆದು, ಬೂದಿನೀರಲ್ಲಿ ನೆನೆಸಿ, ಎಳೆ ಸೇರಿಸಿ ಹೊಸೆದು, ಎರಡು ಗೂಟಕ್ಕೆ ಬಿಗಿದು ಒಣಗಿಸುತ್ತಾಳೆ. ಫೋನಿನಲ್ಲಿ ಎಲ್ಲ ಬಿಡಿಸಿ ಹೇಳಿದ: "ಒಂದು ದಪ್ಪ ಇರ್ಲಿ ಅಕ್ಕ. ಆಮೇಲಿಂದು ಅದಕ್ಕಿಂತ ಸಣ್ಣ, ಹಂಗೇ ಇಳ್ಕಂತ ನಾಕು." ಅವಳು "ಆತು ಬಿಡು" ಅಂದಿದ್ದಳು.

"ಬಾರೋ ಪಾಲಾ, ಕುಂತ್ಕ. ಮಜ್ಜಿಗೆ ಕುಡಿ ಮೊದ್ಲು," ಅಂದಳು ಈಗ. ಎಪ್ಪತ್ತು ದಾಟಿದ ಹೆಂಗಸು, ಕಣ್ಣಿಗೆ ಪೊರೆ. ಒಳಗಿನಿಂದ ಬಟ್ಟೆಯ ಸುರುಳಿ ತಂದು ಅವನ ಮುಂದೆ ಬಿಚ್ಚಿದಳು. "ಇಪ್ಪತ್ತು ದಿನ ಹಿಡೀತು. ಮುಟ್ಟಿ ನೋಡು, ಎಲ್ಲನ್ನಾ ಒಂದು ಗಂಟು ಸಿಕ್ಕಿದ್ರೆ ಹೇಳು."

ಒಂದು ಗಂಟೂ ಸಿಗಲಿಲ್ಲ. ಜೇನಿನ ಬಣ್ಣದ ಹುರಿಗಳು, ನುಣ್ಣಗೆ, ಗಟ್ಟಿಯಾಗಿ. ನಾಲ್ಕೂ ಒಂದೇ ದಪ್ಪ.

ಪಾಲಯ್ಯ ಒಂದನ್ನು ಇನ್ನೊಂದರ ಪಕ್ಕ ಹಿಡಿದ. ಮೂರನೆಯದನ್ನು ಹಿಡಿದ. ಒಂದು ಕೂದಲಿನಷ್ಟು ವ್ಯತ್ಯಾಸವಿಲ್ಲ.

"ದಪ್ಪ ಸಣ್ಣ ಅಂದಿದ್ನಲ್ಲಕ್ಕ?"

"ಕಳ್ಳ! ನಂಗೆ ಕಣ್ಣು ಮಂಜು, ಸಮವಾಗಿ ಹೊಸೆಯಾಕೆ ಆಗಲ್ಲ ಅಂತ ಹಂಗಂದೆ ನೀನು. ನಂಗೆ ಗೊತ್ತಾಗಲ್ವಾ?" ಅವಳ ಮುಖ ಅರಳಿತ್ತು. "ನಮ್ಮತ್ತೆ ನೂಲಲ್ಲಿ ಒಂದೆಳೆ ದಪ್ಪ ಬಂದ್ರೆ ಮುಖಕ್ಕೆ ಎಸೀತಿದ್ಳು. ತಮ್ಮನಿಗೆ ವಕ್ರವಕ್ರ ಹೊಸೆದು ಕೊಟ್ರೆ ಊರೋರು ಉಗಿಯಾಕಿಲ್ವಾ?"

ಏನು ಹೇಳುತ್ತೀರಿ ಇದಕ್ಕೆ? ಕಂಬಳಿಯವರ ಮನೆಯಲ್ಲಿ ದಪ್ಪ ಸಣ್ಣ ಅಂದರೆ ಅವಮಾನ, ಬಾಸಿನಲ್ಲಿ ದಪ್ಪ ಸಣ್ಣ ಇಲ್ಲದಿದ್ದರೆ ಸಂಗೀತವೇ ಇಲ್ಲ. ಪಾಲಯ್ಯ ನಾಲ್ಕನ್ನೂ ಮತ್ತೆ ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. "ಚೆನ್ನಾಗವೆ ಅಕ್ಕ," ಅಂದ.

"ಕಟ್ಟು ಮತ್ತೆ. ಕೇಳಾಣ."

ಎಲ್ಲ ತಂತಿ ಒಟ್ಟಿಗೆ ಬಿಚ್ಚಿದರೆ ಅವುಗಳನ್ನು ಎತ್ತಿ ಹಿಡಿಯುವ ಮರದ ಕುದುರೆ ಬಿದ್ದುಹೋಗುತ್ತದೆ. ಅದಕ್ಕೇ ಒಂದು ಉಕ್ಕಿನದು ಬಿಚ್ಚಿ ಒಂದು ಕರುಳಿನದು ಕಟ್ಟುತ್ತ ಹೋದ. ದಪ್ಪ ತಂತಿಯ ಜಾಗದಲ್ಲಿ ಕಟ್ಟಿದ್ದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಪಟಪಟ ಹೊಡೆದುಕೊಂಡಿತು. ಅದರ ಪಕ್ಕದ್ದೂ ಅಷ್ಟೇ. ಎಲ್ಲಕ್ಕಿಂತ ಸಣ್ಣ ತಂತಿಯ ಜಾಗದಲ್ಲಿ ಬಿಗಿಯುತ್ತ ಹೋದರೆ ಶ್ರುತಿ ಮುಟ್ಟುವ ಮೊದಲೇ ವಾದ್ಯದ ಕತ್ತು ಕಿರ್ ಅಂತು. ಹೆದರಿ ಸಡಿಲಿಸಿದ. ಆದರೂ ಅಕ್ಕನ ಎದುರು ಬಿಲ್ಲು ಎಳೆದು ಏನೋ ನುಡಿಸಿದ ಹಾಗೆ ಮಾಡಿದ.

ಐವತ್ತು ವರ್ಷ ಉಣ್ಣೆಯ ಬಿಲ್ಲಿನ ಹುರಿಯ ದನಿ ಕೇಳಿಯೇ ಅದರ ಬಿಗಿ ಹೇಳಿದವಳು ಅವಳು. ಅವಳ ಕಿವಿಗೆ ಹೂವಿಡುವುದು ಸಾಧ್ಯವೇ?

"ಸುಳ್ಳು ನುಡಿಸಬ್ಯಾಡ," ಅಂದಳು. "ಎರಡು ಸತ್ತವೆ, ಒಂದು ಕಿರುಚ್ತೈತೆ. ಈ ಒಂದು ಮಾತ್ರ ಉಸಿರಾಡ್ತೈತೆ. ನೀನು ಹೇಳಿದ್ದು ನಿಜಾನೇ ಅನ್ನು. ನಂದೇ ತಪ್ಪು."

"ಬಿಡಕ್ಕ."

"ಆ ಒಂದನ್ನೇ ನುಡಿಸು."

ನುಡಿಸಿದ. ಅಯ್ಯೋ, ಎಂಥ ದನಿ! ನೆಲದ ಒಳಗಿಂದ ಬಂದ ಹಾಗೆ ಬಂದು ಹಟ್ಟಿಯ ತುಂಬ ತುಂಬಿಕೊಂಡಿತು. ಬೆರಳಿಗೆ ನೋವೇ ಇಲ್ಲ, ಬರೀ ಮುಟ್ಟಿದರೆ ಸಾಕು. ಎರಡು ವರ್ಷದಿಂದ ಇಂಥದ್ದನ್ನೇ ಅವನು ಹುಡುಕುತ್ತಿದ್ದ. ಕಣ್ಣು ಮುಚ್ಚಿಕೊಂಡು ನುಡಿಸುತ್ತ ಹೋದ. ಹತ್ತು ನಿಮಿಷವಾಗಿರಬೇಕು, ಉಂಗುರದ ಬೆರಳು ಎದ್ದದ್ದು ಮತ್ತೆ ಇಳಿಯಲಿಲ್ಲ.

ಇನ್ನೊಮ್ಮೆ ಇಳಿಸಲು ನೋಡಿದ. ನೋವಿಲ್ಲ, ಭಾರವಿಲ್ಲ, ಜಗತ್ತಿನ ಅತ್ಯಂತ ಮೆತ್ತನೆಯ ತಂತಿ ಕೈಕೆಳಗಿದೆ, ಬೆರಳು ಮಾತ್ರ ಅವನ ಮಾತು ಕೇಳುತ್ತಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗಾಗಿತ್ತು ಎರಡು ವರ್ಷದ ಅವನ ಕಥೆ. ಉಕ್ಕನ್ನು ಬೈದ, ನೈಲಾನನ್ನು ಬೈದ. ಈಗ ಬೈಯಲು ತಂತಿಯೇ ಉಳಿದಿರಲಿಲ್ಲ.

ಬಾಸನ್ನು ಗೋಡೆಗೆ ಒರಗಿಸಿ ಕುರಿದೊಡ್ಡಿಯ ಹತ್ತಿರ ಹೋಗಿ ಸುದೀಪನಿಗೆ ಫೋನು ಮಾಡಿದ.

"ಹೊಸದುರ್ಗದ್ದು ನೀನೇ ನುಡಿಸ್ಕಳಪ್ಪ."

"ಯಾಕಣ್ಣ? ಮುಂದಿನ್ ಸಲಕ್ಕೆ ಬರ್ತೀರಲ್ಲ?"

"ಮುಂದಿಂದೂ ನೀನೇ ನುಡಿಸ್ಕ."

"ಆತಣ್ಣ, ರೆಸ್ಟ್ ತಗಳ್ರಿ," ಅಂದ ಸುದೀಪ. ತಡವರಿಸದೆ, ಒಂದು ಸಲ ಬನ್ನಿ ಅಂತಲೂ ಅನ್ನದೆ ಅಂದುಬಿಟ್ಟ. ಪಾಲಯ್ಯ ಮುಖ ತೊಳೆದುಕೊಂಡು ಒಳಗೆ ಬಂದ.

ಮುದ್ದಕ್ಕ ಬಾಸಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಿಚ್ಚಿಟ್ಟ ಉಕ್ಕಿನ ತಂತಿಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದರ ದಪ್ಪವನ್ನು ಉಗುರಿನಿಂದ ಅಳೆಯುತ್ತಿದ್ದಳು. "ಈಗ ತಿಳೀತು ನಂಗೆ. ದಪ್ಪಂದು ಎರಡು, ಸಣ್ಣದೊಂದು. ಮತ್ತೆ ಹೊಸೀತೀನಿ," ಅಂದಳು. "ಆದ್ರೆ ಭಾನುವಾರಕ್ಕೆ ಆಗಾಕಿಲ್ಲ ಕಣೋ. ಯಾವತ್ತಿಗೆ ಬೇಕು ಹೇಳು?"

"ಅವಸರ ಏನಿಲ್ಲಕ್ಕ," ಅಂದ ಪಾಲಯ್ಯ.

"ಹಂಗಾದ್ರೆ ನಿಧಾನವಾಗಿ, ಚೆನ್ನಾಗಿ ಮಾಡ್ತೀನಿ," ಅಂದಳು ಅವಳು.