ಕಾಗೆಗೆ ಕಾದ ಎಡೆ

ಅಕ್ಟೋಬರ್ ಬಂತೆಂದರೆ ಈ ಡಚ್ ಊರು ಡೀಮೆನ್ನಿನ ನಮ್ಮ ಸೂಪರ್‌ಮಾರ್ಕೆಟ್ಟಿಗೆ ಹೋಗುವುದೇ ಬೇಡವೆನಿಸುತ್ತದೆ. ಹಾಲು ಮೊಸರು ಇಟ್ಟಿರುವ ಕಡೆ ಹೋಗಬೇಕಾದರೆ ಪ್ಲಾಸ್ಟಿಕ್ ಅಸ್ಥಿಪಂಜರಗಳ ಸಾಲನ್ನು ದಾಟಬೇಕು. ಹತ್ತಿರ ಹೋದರೆ ಅವು ಕಿಸಕ್ಕನೆ ನಗುತ್ತವೆ. ಹೋದ ಮಾರ್ಚಿನಲ್ಲಿ ಅಮ್ಮನನ್ನು ಕಳೆದುಕೊಂಡವಳು ನಾನು. ಸಾವನ್ನು ಹೀಗೆ ಮಾರಾಟಕ್ಕಿಟ್ಟಿದ್ದನ್ನು ಕಂಡರೆ ಮೈ ಉರಿಯದೆ ಇನ್ನೇನಾಗುತ್ತದೆ?

ಆರು ವರ್ಷದ ನಿಸರ್ಗಳಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

“ಅಮ್ಮಾ, ಹ್ಯಾಲೋವೀನ್‌ಗೆ ಎವ್ರಿಬಡಿ ಈಸ್ ಗೋಯಿಂಗ್. ನಂಗೂ ಕಾಸ್ಟ್ಯೂಮ್ ಬೇಕು.”

“ದೆವ್ವದ ವೇಷ ಹಾಕ್ಕೊಂಡು ಕಂಡೋರ ಮನೆ ಬಾಗ್ಲಲ್ಲಿ ಚಾಕ್ಲೇಟ್ ಬೇಡೋ ಕರ್ಮ ನಮಗೆ ಬೇಡ,” ಎಂದೆ.

ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಪ್ರಕಾಶ ನಡುವೆ ಬಾಯಿ ಹಾಕಿದ. “ಮಗು ಮೇಲೆ ಯಾಕೆ ರೇಗ್ತೀಯ? ಕಟ್ತಾ ಇರೋ ಮನೆ ಮುಂದೆ ನಾವೂ ಕುಂಬಳಕಾಯಿಗೆ ಮೀಸೆ, ಕೋರೆಹಲ್ಲು ಬರೆದು ನೇತು ಹಾಕಲ್ವಾ?”

“ಅದು ದೃಷ್ಟಿಗೆ.”

“ಇವರದೂ ದೃಷ್ಟಿಗೇ ಇರ್ಬೇಕು ಬಿಡು.”

ನನ್ನ ಗಂಡ ಎಂಥ ಹೊತ್ತಿನಲ್ಲೂ ಇಂಥದ್ದೊಂದು ಉತ್ತರ ಜೇಬಿನಲ್ಲಿಟ್ಟುಕೊಂಡಿರುತ್ತಾನೆ. ನಾನು ಮಾತು ಬೆಳೆಸಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಅಸ್ಥಿಪಂಜರದ ಮೇಲಲ್ಲ, ಒಂದು ಕಾಗೆಯ ಮೇಲೆ.

ಚಳಿಗಾಲದ ಕೊನೆಯಲ್ಲಿ ನಾನು ಒದ್ದೆಯಾಗಿದ್ದ ಟ್ರಾಮ್ ಹಳಿಯ ಮೇಲೆ ಸೈಕಲ್ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದೆ. ಮೈಸೂರಿನಿಂದ ಅಮ್ಮ ದಿನವೂ ಫೋನ್ ಮಾಡುತ್ತಿದ್ದಳು. ಹಲೋ ಎನ್ನುವ ಮೊದಲೇ “ಕಾಲು ಊರ್ತೀಯೇನೇ?” ಎಂದು ಕೇಳುತ್ತಿದ್ದಳು. ಪ್ಲಾಸ್ಟರ್ ತೆಗೆಯಲಿ ತಡಿ ಅಮ್ಮ ಎನ್ನುತ್ತಿದ್ದೆ. ಅದನ್ನು ತೆಗೆಯುವ ಮೊದಲೇ ಅಮ್ಮ ಹೋಗಿಬಿಟ್ಟಳು. ರಾತ್ರಿ ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಆ ಕಾಲಿಟ್ಟುಕೊಂಡು ವಿಮಾನ ಹತ್ತುವ ಹಾಗೇ ಇಲ್ಲ ಎಂದರು ಡಾಕ್ಟರು.

ಹತ್ತನೆಯ ದಿನದ ಕರ್ಮವನ್ನು ಪಶ್ಚಿಮವಾಹಿನಿಯಲ್ಲಿ ತಮ್ಮ ಅನಿರುದ್ಧ ಮಾಡಿದ. ಯಾರೋ ಹಿಡಿದುಕೊಂಡ ಫೋನಿನಲ್ಲಿ ನಾನು ಇಲ್ಲಿಂದ ನೋಡಿದೆ. ಕುರ್ಚಿಯ ಮೇಲೆ ನನ್ನ ಕಾಲು, ಪಕ್ಕದಲ್ಲಿ ನಿಸರ್ಗ. ಪಿಂಡ ಇಟ್ಟರು. ಕಾವೇರಿಯ ಮೆಟ್ಟಿಲ ಮೇಲೆ ಒಂದು ಕಾಗೆ ಬಂದು ಕೂತಿತು. ಕತ್ತನ್ನು ಆ ಕಡೆ ಈ ಕಡೆ ವಾಲಿಸಿ ನೋಡಿತು. ಮುಟ್ಟಲಿಲ್ಲ.

ಕಾಗೆಯ ರೂಪದಲ್ಲಿ ಹೋದವರೇ ಬರುತ್ತಾರೆ, ಮುಟ್ಟದಿದ್ದರೆ ಏನೋ ಆಸೆ, ಏನೋ ಚಿಂತೆ ಉಳಿದಿದೆ ಎಂದು ನಮ್ಮವರ ನಂಬಿಕೆ. ಆಗ ಅಲ್ಲಿದ್ದವರು ಮಾತು ಕೊಡಬೇಕು. ಅನಿ ಕೈಮುಗಿದು “ಮನೆ ನೋಡ್ಕೋತೀನಮ್ಮ, ದೇವರ ದೀಪ ತಪ್ಸಲ್ಲಮ್ಮ” ಎಂದ. ಕಾಗೆ ಜಗ್ಗಲಿಲ್ಲ. “ಮೈಥಿಲಿದೇ ಕೊರಗು ಕಣೋ ಅವಳಿಗೆ. ಮಗಳ ಮುಖ ನೋಡದೆ ಹೋದ್ಲಲ್ಲ,” ಎಂದಳು ದೊಡ್ಡಮ್ಮ. ಫೋನನ್ನು ನದಿಯ ಕಡೆಗೆ ತಿರುಗಿಸಿದರು. ಈಗ ನಾನು ಮಾತಾಡಬೇಕಿತ್ತು. ನನ್ನ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ. ಕಾಗೆ ಹಾರಿಹೋಯಿತು. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು.

ಶಾಸ್ತ್ರ ಮುಗಿಯಿತು. ನನಗೆ ಮುಗಿಯಲಿಲ್ಲ. ಮದುವೆಯಾದ ಮಗಳಿಗೆ ಮೂರೇ ದಿನದ ಸೂತಕ. ಎಡೆ ಇಡುವುದೇನಿದ್ದರೂ ಮಗನ ಪಾಲು. ಹಾಗಾದರೆ ನನ್ನ ಪಾಲಿನ ಮಾತನ್ನು ಎಲ್ಲಿ ಹೇಳುವುದು? ಯಾರನ್ನು ಕೇಳಬೇಕೆಂದೂ ತಿಳಿಯಲಿಲ್ಲ.

ಪಕ್ಕದ ಫ್ಲ್ಯಾಟಿನಲ್ಲಿ ನೂಲಾ ಎಂಬ ಐರಿಷ್ ಮುದುಕಿ ಇದ್ದಾರೆ. ಗಂಡ ಇಲ್ಲಿನವರೇ, ಡಚ್ಚರು, ತೀರಿಕೊಂಡು ಬಹಳ ವರ್ಷವಾಯಿತು. ನಾನು ಸ್ಲೋಟರ್‌ಡೈಕ್‌ನ ಆಫೀಸಿನಿಂದ ಬರುವವರೆಗೆ ನಿಸರ್ಗ ಅವರ ಮನೆಯಲ್ಲೇ ಇರುತ್ತಾಳೆ. ವೇಷದ ಹುಚ್ಚು ಹತ್ತಿಸಿದವರು ಇವರೇ ಇರಬೇಕೆಂದು ಒಂದು ಸಂಜೆ ಜಗಳಕ್ಕೇ ಹೋದೆ. ಅವರು ಅಡುಗೆಮನೆಯಲ್ಲಿ ಕೂತು ಒಂದು ಟರ್ನಿಪ್ ಗೆಡ್ಡೆಯನ್ನು ಚಮಚದಿಂದ ಕೆರೆದು ಕೆರೆದು ಟೊಳ್ಳು ಮಾಡುತ್ತಿದ್ದರು. ಮೇಜಿನ ಮೇಲೆ ಊಟಕ್ಕೆ ಎರಡು ತಟ್ಟೆ ಇದ್ದವು.

“ಯಾರಾದ್ರೂ ಬರ್ತಾರಾ?” ಎಂದೆ. ನಾವು ಆಡುವುದು ಇಂಗ್ಲಿಷು. ಇಲ್ಲಿ ನನ್ನ ಮಾತಿನಲ್ಲೇ ಹೇಳುತ್ತಿದ್ದೇನೆ.

“ಪೀಟರ್ ಬರ್ತಾನೆ,” ಎಂದರು. ಪೀಟರ್ ಎಂದರೆ ಆ ತೀರಿಕೊಂಡ ಗಂಡ. “ಹಬ್ಬ ಮೂವತ್ತೊಂದಕ್ಕೇ. ನಾನು ಒಂದು ವಾರ ಮುಂಚೆನೇ ಶುರು ಮಾಡ್ತೀನಿ. ಅವನು ಎಲ್ಲಿಗೂ ಟೈಮಿಗೆ ಬಂದೋನಲ್ಲ.”

ನನ್ನ ಜಗಳ ಅಲ್ಲೇ ತಣ್ಣಗಾಯಿತು. ಕುರ್ಚಿ ಎಳೆದುಕೊಂಡು ಕೂತೆ.

ಅವರ ಅಜ್ಜಿಯ ಕಾಲದಲ್ಲಿ ಈ ಹ್ಯಾಲೋವೀನ್‌ಗೆ ಸೌವಿನ್ ಎನ್ನುತ್ತಿದ್ದರಂತೆ. ಅವರ ಪೂರ್ವಿಕರಾದ ಕೆಲ್ಟ್ ಜನರ ಸಾವಿರಾರು ವರ್ಷ ಹಿಂದಿನ ಹಬ್ಬ. ಕೊಯ್ಲು ಮುಗಿದು, ದನಗಳು ಕೊಟ್ಟಿಗೆ ಸೇರಿ, ಕತ್ತಲ ಕಾಲ ಶುರುವಾಗುವ ಸಂಜೆ. ಸತ್ತವರಿಗೂ ಇದ್ದವರಿಗೂ ನಡುವಿನ ಬಾಗಿಲು ಅವತ್ತು ಚಿಲಕ ಹಾಕಿರುವುದಿಲ್ಲ. ಮನೆಯವರು ದಾರಿ ತಪ್ಪದಿರಲೆಂದು ದೀಪ, ಹಸಿದಿರುತ್ತಾರೆಂದು ಊಟ. ಬೇಡದವರೂ ನುಗ್ಗಬಾರದಲ್ಲ, ಅದಕ್ಕೆ ಗೆಡ್ಡೆಯಲ್ಲಿ ಕೊರೆದ ಸೊಟ್ಟ ಮುಖ.

“ಕುಂಬಳಕಾಯಿ ಆಮೇಲೆ ಬಂದಿದ್ದು. ನಮ್ಮೋರು ಅಮೆರಿಕಕ್ಕೆ ಹೋದ್ರಲ್ಲ, ಅಲ್ಲಿ ಅದು ದೊಡ್ಡದಾಗಿ ಸಿಕ್ತು, ಕೊರೆಯೋದೂ ಸುಲಭ. ಅಲ್ಲಿಂದ ತಿರುಗಿ ಇಲ್ಲಿಗೆ ಬರೋ ಹೊತ್ತಿಗೆ ಅಂಗಡಿ ಸಾಮಾನಾಗಿತ್ತು.”

“ಮತ್ತೆ ಮಕ್ಕಳು ವೇಷ ಹಾಕೋದು?”

“ಸತ್ತೋರ ಪರವಾಗಿ ಮಕ್ಕಳು ಮನೆಮನೆಗೆ ಹೋಗ್ತಿದ್ರು ಅಂತ ನಮ್ಮಜ್ಜಿ ಹೇಳೋಳು. ಅವರ ಕೈಗೆ ಕೊಟ್ರೆ ಅವರಿಗೆ ತಲುಪುತ್ತೆ ಅಂತ. ಚಾಕ್ಲೇಟ್ ಅಲ್ಲ ಆಗ, ಊಟ.”

ಹಾಗಾದರೆ ಅದು ಭಿಕ್ಷೆಯಲ್ಲ. ನಮ್ಮ ಕಾಗೆ ಮಾಡುವ ಕೆಲಸವನ್ನು ಇವರಲ್ಲಿ ಮಕ್ಕಳು ಮಾಡುತ್ತಿದ್ದರು. ನೂಲಾಗೆ ಪಶ್ಚಿಮವಾಹಿನಿಯ ಕಥೆಯನ್ನೆಲ್ಲ ಹೇಳಿಕೊಂಡೆ. ಅಳುತ್ತಲೇ ಹೇಳಿದೆ, ಮುಚ್ಚಿಡುವುದೇನಿದೆ. ಅವರು ಗೆಡ್ಡೆ ಕೆರೆಯುವುದನ್ನು ನಿಲ್ಲಿಸಿ ಕೇಳಿದರು.

“ತಟ್ಟೆ ಇಡೋದಕ್ಕೆ ಯಾರ ಪರ್ಮಿಶನ್ ಬೇಕು ನಿಂಗೆ?” ಎಂದರು. “ಇನ್ನೊಂದು ವಿಷಯ. ಮೂವತ್ತೊಂದಕ್ಕೆ ನಿನ್ನ ಮಗಳಿಗೆ ನಾನು ವೇಷ ಹಾಕ್ತೀನಿ. ದೆವ್ವದ್ದಲ್ಲ. ಏನು ಅಂತ ಅವಳೇ ಹೇಳಿದಾಳೆ, ನೀನು ಕೇಳ್ಬೇಡ.”

ಇಷ್ಟಾದ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಮೂವತ್ತೊಂದರ ಸಂಜೆ ಆಫೀಸಿನಿಂದ ಬೇಗ ಬಂದು ಚಿತ್ರಾನ್ನ ಕಲಸಿದೆ. ಅಮ್ಮನಿಗೆ ಪ್ರಾಣ ಅದು. ಕಡಲೆಕಾಯಿ ಬೀಜ ಕಡಿಮೆಯಾದರೆ ಸಂಪು ಹೂಡುತ್ತಿದ್ದಳು. ಲೋಟದ ತುಂಬ ಗಟ್ಟಿ ಕಾಫಿ ಮಾಡಿದೆ. ಬಾಳೆಲೆ ಎಲ್ಲಿಂದ ತರಲಿ, ಸ್ಟೀಲ್ ತಟ್ಟೆಯಲ್ಲೇ ಬಡಿಸಿ ಬಾಲ್ಕನಿಯ ಬಾಗಿಲ ಹತ್ತಿರ ಇಟ್ಟೆ. ಇಲ್ಲಿಯೂ ಕಾಗೆಗಳಿವೆ, ಆದರೆ ಆ ಹೊತ್ತಿಗೆ ಮೆಟ್ರೋ ನಿಲ್ದಾಣದಾಚೆಯ ಮರ ಸೇರಿಬಿಟ್ಟಿರುತ್ತವೆ. ಬಾಗಿಲು ತೆರೆದಿಟ್ಟು ಕಾದೆ. ತಣ್ಣನೆ ಗಾಳಿ ಬಂತೇ ಹೊರತು ಇನ್ನೇನೂ ಬರಲಿಲ್ಲ. ಪ್ರಕಾಶ ನನ್ನ ಹೆಗಲಿಗೆ ಶಾಲು ಹೊದಿಸಿದ.

ಆಗ ಕಾಲಿಂಗ್ ಬೆಲ್ ಆಯಿತು.

ಬಾಗಿಲ ಹೊರಗೆ ನೂಲಾ ಇಟ್ಟುಹೋದ ಗೆಡ್ಡೆಯ ದೀಪ ಉರಿಯುತ್ತಿತ್ತು. ಅದರ ಪಕ್ಕದಲ್ಲಿ ಒಂದು ಕಾಗೆ ನಿಂತಿತ್ತು. ಕಸದ ಚೀಲ ಸೀಳಿ ಮಾಡಿದ ಕಪ್ಪು ರೆಕ್ಕೆ, ರಟ್ಟಿನ ಕೊಕ್ಕು, ಕಾಲಿಗೆ ನಿಸರ್ಗಳ ಹಳದಿ ಮಳೆ ಬೂಟು. ಹಿಂದೆ ನೂಲಾ.

“ಕ್ರಾಯ್,” ಎಂದು ತನ್ನ ಎದೆ ಮುಟ್ಟಿಕೊಂಡು ಡಚ್ಚಿನಲ್ಲಿ ಪರಿಚಯ ಹೇಳಿಕೊಂಡಿತು. ನನಗೆ ಅರ್ಥವಾಗಲಿಲ್ಲವೇನೋ ಎಂದು “ಅಜ್ಜಿ ಕಾಗೆ, ಅಮ್ಮಾ,” ಎಂದೂ ಸೇರಿಸಿತು.

ನಾನು ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದೆ. ಅವಳು ಸೀದಾ ತಟ್ಟೆಯ ಬಳಿಗೆ ಹೋಗಿ ನಿಂತಳು. ಕತ್ತನ್ನು ಆ ಕಡೆ ವಾಲಿಸಿದಳು, ಈ ಕಡೆ ವಾಲಿಸಿದಳು. ಅವತ್ತು ನನ್ನ ಪಕ್ಕ ಕೂತು ಇದೆಲ್ಲ ನೋಡಿದ್ದಳಲ್ಲ, ಒಂದನ್ನೂ ಮರೆತಿರಲಿಲ್ಲ.

“ತಿನ್ನು ಪುಟ್ಟಿ,” ಎಂದೆ.

“ಈಗ್ಲೇ ತಿನ್ನಲ್ಲ. ಫಸ್ಟ್ ನೀನು ಪ್ರಾಮಿಸ್ ಮಾಡ್ಬೇಕು. ಅನಿ ಮಾಮ ಮಾಡಿದ್ರಲ್ಲ, ಹಾಗೆ.”

ಪ್ರಕಾಶ ನನ್ನ ಕಡೆ ನೋಡಿದ. ನಾನು ತಟ್ಟೆಯ ಮುಂದೆ ಕೂತು ಕೈಮುಗಿದೆ.

“ಅಮ್ಮ,” ಎಂದೆ. ಈ ಸಲ ಕಾಗೆ ಎಲ್ಲಿಗೂ ಹಾರಲಿಲ್ಲ, ಕಾಯುತ್ತ ನಿಂತಿತು. “ಪ್ಲಾಸ್ಟರ್ ತೆಗೆದ್ರು ಕಣಮ್ಮ. ಕಾಲು ಊರ್ತೀನಿ. ಮೆಟ್ಲು ಹತ್ತಿ ಇಳೀತೀನಿ. ಊರುಗೋಲೂ ವಾಪಸ್ ಕೊಟ್ಟಾಯ್ತು. ನೀನು ಚಿಂತೆ ಮಾಡ್ಬೇಡ. ಊಟ ಮಾಡು.”

ಕಾಗೆ ಬಗ್ಗಿತು. ರಟ್ಟಿನ ಕೊಕ್ಕು ಅನ್ನಕ್ಕೆ ತಾಗಿ ಮಡಚಿಕೊಂಡಿತು. ಅದನ್ನು ಹಣೆಗೆ ಏರಿಸಿಕೊಂಡು ಮೊದಲು ಕಡಲೆಕಾಯಿ ಬೀಜಗಳನ್ನು ಹೆಕ್ಕಿ ತಿಂದಿತು, ಆಮೇಲೆ ಅನ್ನ. ನಾನು ಸೆರಗಿಲ್ಲದ ಕುರ್ತಾದ ತೋಳಲ್ಲೇ ಕಣ್ಣೊರೆಸಿಕೊಂಡೆ. ತಟ್ಟೆ ಖಾಲಿಯಾಯಿತು. ಕಾಫಿ ಮಾತ್ರ ಕಹಿ ಎಂದು ನೂಲಾಗೆ ದಾಟಿಸಿ ಕಾಗೆ ಚಾಕ್ಲೇಟಿಗೆಂದು ಮೇಲಿನ ಮಹಡಿಗೆ ಓಡಿತು.

ಅನಿಗೆ ಫೋನ್ ಮಾಡಿದೆ. ಮಲಗುವ ಹೊತ್ತಾಗಿತ್ತು ಅಲ್ಲಿ, ಗಾಬರಿಯಲ್ಲೇ ಎತ್ತಿದ.

“ಕಾಗೆ ಮುಟ್ತು ಕಣೋ,” ಎಂದೆ.

ಅವನು ಯಾವ ಕಾಗೆ ಎಂದು ಕೇಳಲಿಲ್ಲ. ಇಷ್ಟು ತಿಂಗಳು ಅವನೂ ಅದನ್ನೇ ಹೊತ್ತುಕೊಂಡಿದ್ದನೆಂದು ನನಗೆ ಆಗ ತಿಳಿಯಿತು.

“ಯಾವ ಕಡೆಯಿಂದ ಬಂತಕ್ಕ?”

“ಪಕ್ಕದ್ಮನೆ ಕಡೆಯಿಂದ,” ಎಂದೆ.